‘ನಾಳೆ ಬಾ’ ಎನ್ನಲು ಬಿಡದ ಆಟ

ಅರವತ್ತು ದಾಟಿದವನೊಬ್ಬ ರಾತ್ರಿ ಹನ್ನೊಂದರವರೆಗೆ ಕುಳಿತು ವಿಡಿಯೊ ಗೇಮ್ ಆಡಿದನೆಂದರೆ ಕೇಳಿದವರು ನಗುವುದು ಸಹಜ. ನನ್ನ ಪತ್ನಿಯೂ ನಕ್ಕಳು. ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ತುಮಕೂರಿನಲ್ಲಿ ನೆಲೆಸಿ, ಬೆಳಿಗ್ಗೆ ಅಮಾನಿಕೆರೆಯ ಬಳಿ ನಡಿಗೆ, ಮಧ್ಯಾಹ್ನ ಪತ್ರಿಕೆ, ಸಂಜೆ ಒಂದಿಷ್ಟು ಓದು ಎಂದು ದಿನ ಕಳೆಯುತ್ತಿದ್ದ ನನ್ನ ಕೈಗೆ ಆಟದ ಕಂಟ್ರೋಲರ್ ಕೊಟ್ಟವನು ತಮ್ಮನ ಮಗ. ಗುಬ್ಬಿಯ ಹುಡುಗ, ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದಾನೆ, ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾನೆ. ‘ದೊಡ್ಡಪ್ಪ, ಇದರಲ್ಲಿ ಗುಂಡು ಹಾರಿಸೋದು ಕಡಿಮೆ. ತೀರ್ಮಾನ ತಗೊಳ್ಳೋದೇ ಕೆಲಸ. ನೀವು ಜೀವನವೆಲ್ಲ ಮಾಡಿದ್ದು ಅದನ್ನೇ ಅಲ್ವಾ?’ ಎಂದ. ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಆದರೆ ಮೂರು ರಾತ್ರಿಗಳ ಬಳಿಕ ಅದೇ ಮಾತು ನನ್ನನ್ನು ಚುಚ್ಚತೊಡಗಿತು. ಅದೇಕೆಂದು ಹೇಳುವುದೇ ಈ ಬರಹದ ಉದ್ದೇಶ.

ಆಟದ ಹೆಸರು ‘ಅಂಟಿಲ್ ಡಾನ್’. ಬೆಳಗಾಗುವವರೆಗೆ ಎಂದು ಅರ್ಥ. ಇಂಗ್ಲೆಂಡಿನ ಸೂಪರ್‌ಮ್ಯಾಸಿವ್ ಗೇಮ್ಸ್ ಎಂಬ ಸಂಸ್ಥೆ ಇದನ್ನು ರೂಪಿಸಿತು. 2015ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4 ಯಂತ್ರಕ್ಕಾಗಿ ಬಿಡುಗಡೆಯಾಯಿತು. 2024ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂದಿತು, 2025ರಲ್ಲಿ ಅದೇ ಹೆಸರಿನ ಚಲನಚಿತ್ರವೂ ತೆರೆಕಂಡಿತು. ಕಥೆ ಭಯಾನಕವಾದುದು, ವಯಸ್ಕರಿಗೆಂದೇ ವರ್ಗೀಕರಿಸಿದ್ದು. ಹಿಮ ಕವಿದ ಬೆಟ್ಟದ ಮೇಲಿನ ಬಂಗಲೆಗೆ ಎಂಟು ಮಂದಿ ಯುವಕ-ಯುವತಿಯರು ಬಂದು ಸೇರುತ್ತಾರೆ. ಒಂದು ವರ್ಷದ ಹಿಂದೆ ಇದೇ ಜಾಗದಲ್ಲಿ ಗೆಳೆಯರ ಕುಚೇಷ್ಟೆಗೆ ಗುರಿಯಾಗಿ ಅವಮಾನಗೊಂಡ ಹುಡುಗಿಯೊಬ್ಬಳು ಕತ್ತಲಲ್ಲಿ ಓಡಿಹೋಗಿದ್ದಳು. ಹುಡುಕಿಕೊಂಡು ಹೋದ ಅವಳ ಅವಳಿ ಸೋದರಿಯೂ ಮರಳಿರಲಿಲ್ಲ. ಅದರ ನೆನಪು ಎಲ್ಲರ ಮನಸ್ಸಿನಲ್ಲಿದೆ, ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮುಂದಿನದೆಲ್ಲವೂ ಒಂದೇ ರಾತ್ರಿಯ ಕಥೆ.

ಇದರ ವಿಶೇಷವೆಂದರೆ ಕಥೆ ಯಾವ ಕಡೆಗೆ ತಿರುಗಬೇಕೆಂಬುದು ಬಹುಮಟ್ಟಿಗೆ ಆಡುವವನ ಕೈಯಲ್ಲಿರುವುದು. ಮುಖ್ಯ ಘಟ್ಟಗಳಲ್ಲಿ ಪರದೆಯ ಮೇಲೆ ಎರಡು ದಾರಿಗಳು ಮೂಡುತ್ತವೆ. ನಿಜ ಹೇಳುವುದೋ, ಮರೆಮಾಚುವುದೋ, ಓಡುವುದೋ, ಅಡಗುವುದೋ. ಬೆರಳಿನಿಂದ ಎಡಕ್ಕೋ ಬಲಕ್ಕೋ ವಾಲಿಸಿದರೆ ಆಯಿತು. ಕೆಲವು ಕಡೆ ಕೆಲವೇ ಕ್ಷಣಗಳ ಗಡುವು. ಸುಮ್ಮನಿದ್ದರೆ ಕೆಲವೊಮ್ಮೆ ಆ ಸುಮ್ಮನಿರುವಿಕೆಯನ್ನೂ ಒಂದು ಉತ್ತರವೆಂದೇ ಆಟ ಬರೆದುಕೊಳ್ಳುತ್ತದೆ. ತೀರ್ಮಾನವಾದ ಕೂಡಲೇ ಯಂತ್ರ ಅದನ್ನು ತಾನಾಗಿಯೇ ದಾಖಲಿಸಿಬಿಡುವುದರಿಂದ, ತಪ್ಪಾಯಿತೆಂದು ಒಂದು ಹೆಜ್ಜೆ ಹಿಂದಕ್ಕೆ ಹೋಗುವಂತಿಲ್ಲ. ಸತ್ತವರು ಆ ಕಥೆಯ ಕೊನೆಯವರೆಗೂ ಸತ್ತವರೇ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1972ರ ಒಂದು ಉಪನ್ಯಾಸದಲ್ಲಿ, ಬ್ರೆಜಿಲ್‌ನಲ್ಲಿ ಚಿಟ್ಟೆಯೊಂದು ರೆಕ್ಕೆ ಬಡಿದರೆ ಟೆಕ್ಸಾಸ್‌ನಲ್ಲಿ ಸುಂಟರಗಾಳಿ ಏಳಬಹುದೇ ಎಂದು ಕೇಳಿದ್ದರಷ್ಟೆ. ಆ ಚಿಟ್ಟೆಯೇ ಈ ಆಟದ ಲಾಂಛನ. ಸಂಜೆ ಆಡಿದ ಒಂದು ಒರಟು ಮಾತಿನ ಫಲ ನಡುರಾತ್ರಿಯ ಹೊತ್ತಿಗೆ ಎದುರಾಗುತ್ತದೆ.

ಗೇಮ್ ಎಂದೊಡನೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಜೂಜಿನ ನೆನಪಾಗುವುದುಂಟು. ಹಣವನ್ನು ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿದ್ದು ಸರಿಯಾಗಿಯೇ ಇದೆ. ಆದರೆ ನಾನು ಹೇಳುತ್ತಿರುವುದು ಆ ಜಾತಿಯದಲ್ಲ. ಇಲ್ಲಿ ಒಂದು ರೂಪಾಯಿಯನ್ನೂ ಪಣಕ್ಕೆ ಇಡುವುದಿಲ್ಲ. ಇದನ್ನು ನಾಟಕದ ದಾಯಾದಿ ಎಂದರೆ ಹೆಚ್ಚು ಒಪ್ಪುತ್ತದೆ.

ನಾಟಕದ ಮಾತು ಬಂದರೆ ಗುಬ್ಬಿಯವನಾದ ನಾನು ಸುಮ್ಮನಿರಲಾರೆ. 1884ರಲ್ಲಿ ನಮ್ಮೂರಿನಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿನ ಮನೆಮಾತಾಗಿಸಿದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದವರು ಅವರು. ಆ ಕಾಲದ ಕಂಪನಿ ನಾಟಕಗಳಲ್ಲಿ ‘ಒನ್ಸ್‌ಮೋರ್’ ಎಂಬ ಪದ್ಧತಿಯಿತ್ತು. ಹಾಡು ಹಿಡಿಸಿದರೆ ಸಭಿಕರು ಕೂಗುವರು, ನಟ ಮತ್ತೆ ಹಾಡುವನು. ಪ್ರಾಣ ಬಿಟ್ಟು ಬಿದ್ದ ಪಾತ್ರಧಾರಿಯೂ ಸಭಿಕರ ಕೂಗಿಗೆ ಎದ್ದು ನಿಂತು, ಇನ್ನೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿದ್ದನೆಂದು ನಮ್ಮ ಹಿರಿಯರು ನಗುತ್ತ ಹೇಳುತ್ತಿದ್ದರು. ಆ ಪ್ರೇಕ್ಷಕರಿಗೆ ಕಥೆಯ ಅಂತ್ಯವನ್ನು ಬದಲಿಸುವ ಅಧಿಕಾರವಿರಲಿಲ್ಲ, ಆದರೆ ಸಾವನ್ನು ಐದು ನಿಮಿಷ ಮುಂದೂಡುವ ಅಧಿಕಾರವಿತ್ತು. ಈ ಆಟದಲ್ಲಿ ತದ್ವಿರುದ್ಧ. ಅಂತ್ಯವನ್ನು ಬದಲಿಸುವ ಅಧಿಕಾರವಿದೆ, ಮುಂದೂಡುವ ಅಧಿಕಾರವಿಲ್ಲ.

ಮೊದಲ ರಾತ್ರಿಯೇ ಇದರ ಅನುಭವವಾಯಿತು. ಜೆಸಿಕಾ ಎಂಬ ಹುಡುಗಿಯನ್ನು ಕಾಣದ ಪ್ರಾಣಿಯೊಂದು ಗುಡಿಸಲಿನಿಂದ ಎಳೆದೊಯ್ಯುತ್ತದೆ. ಅವಳ ಗೆಳೆಯ ಮೈಕ್ ಬೆನ್ನಟ್ಟಬೇಕು. ಅವನನ್ನು ನಡೆಸುತ್ತಿದ್ದವನು ನಾನು. ದಾರಿ ಕವಲೊಡೆದಾಗಲೆಲ್ಲ ಒಂದು ಕಡೆ ಹತ್ತಿರದ, ಅಪಾಯದ ಜಿಗಿತ. ಇನ್ನೊಂದು ಕಡೆ ಸುರಕ್ಷಿತವಾದ ಸುತ್ತುದಾರಿ. ಕಾಲುಜಾರಿ ಬಿದ್ದರೆ ಇಬ್ಬರೂ ಹೋದಂತೆ ಎಂದು ಲೆಕ್ಕ ಹಾಕಿ ನಾನು ಪ್ರತಿ ಸಲವೂ ಸುತ್ತುದಾರಿಯನ್ನೇ ಹಿಡಿದೆ. ಒಂದು ತಪ್ಪನ್ನೂ ಮಾಡಲಿಲ್ಲ. ಮೈಕ್ ಒಮ್ಮೆಯೂ ಬೀಳಲಿಲ್ಲ. ಗಣಿಯನ್ನು ತಲುಪುವ ಹೊತ್ತಿಗೆ ಜೆಸಿಕಾ ಸತ್ತಿದ್ದಳು.

‘ನಾನು ಏನು ತಪ್ಪು ಮಾಡಿದೆನೋ?’ ಎಂದು ಕೇಳಿದೆ.

‘ಏನೂ ತಪ್ಪು ಮಾಡಲಿಲ್ಲ ದೊಡ್ಡಪ್ಪ. ಲೇಟಾಯ್ತು ಅಷ್ಟೇ’ ಎಂದ ಹುಡುಗ.

ಎರಡನೆಯ ರಾತ್ರಿ ನನಗೆ ಒಲಿದುಬಂದ ವಿದ್ಯೆಯೂ ಒಂದಿತ್ತೆನ್ನಬೇಕು. ಆಟದ ಕೆಲವು ಸಂದರ್ಭಗಳಲ್ಲಿ ಭೂತ ಹತ್ತಿರ ಬಂದಾಗ ‘ಅಲುಗಾಡಬೇಡ’ ಎಂಬ ಸೂಚನೆ ಬರುತ್ತದೆ. ಕಂಟ್ರೋಲರ್ ಕೈಯ ನಡುಕವನ್ನು ಗ್ರಹಿಸುತ್ತದೆ. ತುಸು ಅಲುಗಿದರೂ ಪಾತ್ರ ಸಿಕ್ಕಿಬೀಳುತ್ತದೆ. ವಯಸ್ಸಿನ ಕೈ ನಡುಗೀತೆಂದು ಹುಡುಗನಿಗೆ ಆತಂಕ. ನಾನು ಮೊಣಕೈಗಳನ್ನು ಮೇಜಿಗೆ ಊರಿ ಉಸಿರು ಹಿಡಿದು ಕಲ್ಲಿನಂತೆ ಕುಳಿತೆ. ಆ ಘಟ್ಟಗಳಲ್ಲಿ ಒಬ್ಬರೂ ಸಾಯಲಿಲ್ಲ. ‘ಸೂಪರ್ ದೊಡ್ಡಪ್ಪ’ ಎಂದ. ಏನೂ ಮಾಡದೆ ಕುಳಿತಿರುವುದರಲ್ಲಿ ದೊಡ್ಡಪ್ಪನಿಗೆ ಮೂವತ್ತು ವರ್ಷದ ಅಭ್ಯಾಸವಿದೆ ಎಂದು ಒಳಗಿನಿಂದ ನನ್ನ ಪತ್ನಿ ಹೇಳಿದಳು. ತಮಾಷೆ ಹಾಗಿರಲಿ, ಕಾಯುವುದೇ ಸರಿಯಾದ ಸಂದರ್ಭಗಳು ಇರುತ್ತವೆ ಎಂಬುದನ್ನು ಆಟ ಒಪ್ಪುತ್ತದೆ. ಅದು ದುಡುಕಿನ ಪಕ್ಷಪಾತಿಯಲ್ಲ.

ಆ ಬೆಟ್ಟದ ಭೂತದ ಹೆಸರು ವೆಂಡಿಗೊ. ಉತ್ತರ ಅಮೆರಿಕದ ಆಲ್ಗಾಂಕ್ವಿಯನ್ ಮೂಲನಿವಾಸಿಗಳ ಕಥೆಗಳಲ್ಲಿ ಬರುವ ಜೀವಿ ಅದು. ಚಳಿಗಾಲದ ಹಸಿವಿನಲ್ಲಿ ನರಮಾಂಸ ತಿಂದವನು ಎಷ್ಟು ತಿಂದರೂ ತಣಿಯದ ಪ್ರಾಣಿಯಾಗಿಬಿಡುತ್ತಾನೆ ಎಂಬ ನಂಬಿಕೆ. ಆಟದಲ್ಲಿ ಅದಕ್ಕೆ ಇನ್ನೊಂದು ಶಕ್ತಿಯಿದೆ: ಅದು ಪರಿಚಿತರ ದನಿಯಲ್ಲಿ ಕೂಗಬಲ್ಲದು.

ಇದನ್ನು ಕೇಳಿದೊಡನೆ ನನಗೆ ಬಾಲ್ಯದ ಮನೆ ನೆನಪಾಯಿತು. ಗುಬ್ಬಿಯಲ್ಲಿ ನಮ್ಮ ತಾಯಿ ಕಟ್ಟಪ್ಪಣೆ ಮಾಡಿದ್ದರು: ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದನೆಯ ಕೂಗಿಗೆ ಓಗೊಡಕೂಡದು. ಮೂರು ಸಲ ಕೂಗಿದರೆ ಮನುಷ್ಯರು. ದೆವ್ವ ಒಂದೇ ಸಲ ಕೂಗುತ್ತದೆ. 1990ರ ದಶಕದಲ್ಲಿ ಇದೇ ಭಯ ಬೇರೆ ವೇಷದಲ್ಲಿ ಬಂದುದನ್ನು ಓದುಗರಲ್ಲಿ ಅನೇಕರು ಬಲ್ಲರು. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಹರಡಿತು. ಜನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿ ಹಿಂದಿರುಗುವುದು. ಮರುದಿನ ಬಂದರೆ ಅಂದೂ ಅದೇ ಬರಹ. ಕುಣಿಗಲ್‌ನಲ್ಲಿ ನನ್ನ ಮಾವನವರ ಮನೆಯ ಬಾಗಿಲ ಮೇಲೂ ಸುಣ್ಣದಲ್ಲಿ ಬರೆದ ಆ ಎರಡು ಪದಗಳಿದ್ದವು. ಮಾವನವರು ಓದಿದವರು, ದೆವ್ವವನ್ನು ನಂಬಿದವರಲ್ಲ. ‘ಬರೆಯೋದಕ್ಕೇನು ಖರ್ಚಿಲ್ಲವಲ್ಲ ಅಳಿಯಂದಿರೇ’ ಎಂದಿದ್ದರು. 2018ರ ಹಿಂದಿ ಚಿತ್ರ ‘ಸ್ತ್ರೀ’ ಬೆಳೆದದ್ದು ಈ ಕಥೆಯಿಂದಲೇ.

ಮೂರನೆಯ ರಾತ್ರಿ, ಬೆಳಗಾಗಲು ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ, ಆಶ್ಲಿ ಎಂಬ ಹುಡುಗಿ ಗೆಳೆಯರೊಡನೆ ಸುರಂಗದಲ್ಲಿ ನಡೆಯುತ್ತಿರುತ್ತಾಳೆ. ಪಕ್ಕದ ಕತ್ತಲಿನಿಂದ ಕ್ಷೀಣವಾದ ಕೂಗು ಕೇಳಿಸುತ್ತದೆ. ದನಿ ಜೆಸಿಕಾಳದು! ಜೊತೆಗಾರರ ಹಿಂದೆ ಹೋಗುವುದೋ, ದನಿ ಬಂದ ಕಡೆ ನೋಡುವುದೋ? ನಾನು ನೋಡಹೋದೆ. ನೆಲದಲ್ಲಿ ಒಂದು ಮರದ ಬಾಗಿಲು; ಅದರಡಿಯಿಂದ ಯಾರೋ ಬಡಿಯುತ್ತಿದ್ದಾರೆ. ತೆರೆಯುವುದೋ, ಬಿಟ್ಟು ಹೋಗುವುದೋ?

ಹುಡುಗ ಒಂದು ಮಾತನ್ನೂ ಆಡಲಿಲ್ಲ. ಜೆಸಿಕಾ ಬದುಕಿರಲು ಸಾಧ್ಯವಿಲ್ಲವೆಂದು ನನಗೆ ತಿಳಿದಿತ್ತು. ತಾಯಿಯ ಮಾತೂ ನೆನಪಿನಲ್ಲಿತ್ತು. ಆದರೂ ಒಮ್ಮೆ ತಡಮಾಡಿ ಕಳೆದುಕೊಂಡವಳ ದನಿ ಕಾಲ ಕೆಳಗಿನಿಂದ ಕೇಳುತ್ತಿರುವಾಗ ಎದ್ದು ಹೋಗಲು ನನ್ನಿಂದಾಗಲಿಲ್ಲ. ತೆರೆದೆ. ಆಶ್ಲಿ ಆ ಕ್ಷಣದಲ್ಲೇ ಸತ್ತಳು.

ಆಟ ಮುಗಿದ ಮೇಲೂ ನನಗೆ ನಿದ್ದೆ ಬರಲಿಲ್ಲ. ದೆವ್ವದ ಭಯದಿಂದಲ್ಲ. ಮೊದಲ ಸಲ ಎಚ್ಚರಿಕೆ ವಹಿಸಿ ಒಬ್ಬಳನ್ನು ಕೊಂದಿದ್ದೆ, ಎರಡನೆಯ ಸಲ ಎಚ್ಚರಿಕೆ ಬಿಟ್ಟು ಇನ್ನೊಬ್ಬಳನ್ನು ಕೊಂದೆ. ಆಟ ಎರಡನ್ನೂ ನನ್ನ ಲೆಕ್ಕಕ್ಕೇ ಬರೆದಿತ್ತು. ನಾನು ಕೆಲಸ ಮಾಡಿದ ವ್ಯವಸ್ಥೆ ಹಾಗೆ ಬರೆಯುತ್ತಿರಲಿಲ್ಲ ಎಂಬ ವಿಚಾರ ಆಗ ಹೊಳೆಯಿತು. ಹೊಳೆದೊಡನೆ ಮೂವತ್ತು ವರ್ಷಗಳಿಂದ ಯಾರಿಗೂ ಹೇಳದ ಒಂದು ಕಡತ ನೆನಪಿಗೆ ಬಂತು.

ಕುಣಿಗಲ್‌ನ ಬಾಗಿಲ ಮೇಲೆ ಸುಣ್ಣದ ಬರಹವಿದ್ದ ವರ್ಷಗಳಲ್ಲೇ ನಾನು ಬೇರೊಂದು ಕಡೆ ತಹಶೀಲ್ದಾರನಾಗಿದ್ದೆ; ತಾಲ್ಲೂಕಿನ ಹೆಸರು ಇಲ್ಲಿ ಬೇಡ. ವಿಧವಾ ವೇತನ ಕೋರಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಅರ್ಜಿ ಹಾಕಿದ್ದಳು. ಇಬ್ಬರು ಸಣ್ಣ ಮಕ್ಕಳು. ಗಂಡ ಊರಿನಿಂದ ದೂರ ಕೂಲಿಗೆ ಹೋದವನು ಅಲ್ಲಿಯೇ ತೀರಿಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಮರಣ ನೋಂದಣಿಯಾಗಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ, ಒಂದು ವರ್ಷ ಮೀರಿದ ಮರಣವನ್ನು ನೋಂದಾಯಿಸಲು ಅಂದು ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಅದಕ್ಕೆ ವಕೀಲರು, ಸಾಕ್ಷಿಗಳು, ಬಸ್ಸಿನ ಖರ್ಚು. ಸಾಲದ್ದಕ್ಕೆ ಪಡಿತರ ಚೀಟಿಯಲ್ಲಿ ಗಂಡನ ಹೆಸರು ಒಂದು ರೀತಿ, ಅರ್ಜಿಯಲ್ಲಿ ಇನ್ನೊಂದು ರೀತಿ.

ಗಂಡ ಸತ್ತಿದ್ದಾನೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಸ್ಥಳ ತನಿಖೆ ಮಾಡಿಸಿ, ಮಹಜರು ಬರೆಸಿ, ಸಕಾರಣವಾದ ಟಿಪ್ಪಣಿಯೊಂದಿಗೆ ಮಂಜೂರು ಮಾಡಲು ಪ್ರಯತ್ನಿಸಬಹುದಿತ್ತು. ಆಕ್ಷೇಪಣೆ ಬಂದರೆ ಉತ್ತರಿಸಬೇಕಾಗುತ್ತಿತ್ತು, ಅಷ್ಟೆ. ನಾನು ಸುತ್ತುದಾರಿ ಹಿಡಿದೆ. ‘ಅಗತ್ಯ ದಾಖಲೆಗಳೊಂದಿಗೆ ಮರುಮಂಡಿಸಿ’ ಎಂದು ಬರೆದೆ. ಕಡತ ಮೂರು ಸಲ ನನ್ನ ಮೇಜಿಗೆ ಬಂದಿತು, ಮೂರು ಸಲವೂ ಅದೇ ಷರಾ. ಮೂರು ಸಲ ಕೂಗಿದವರು ಮನುಷ್ಯರೇ ಎಂದು ಕಲಿಸಿದ ತಾಯಿಯ ಮಗ ನಾನು. ಆಕೆ ಕಚೇರಿಯ ಜಗಲಿಯ ಮೇಲೆ ಕೂತಿರುತ್ತಿದ್ದಳು. ಊಟಕ್ಕೆ ಹೊರಡುವಾಗ ಎದ್ದು ನಿಂತು ‘ಸ್ವಾಮಿ’ ಎನ್ನುವಳು. ‘ನಾಳೆ ಬಾರಮ್ಮ, ನೋಡೋಣ’ ಎನ್ನುತ್ತಿದ್ದೆ. ಗದರಿದ್ದಿಲ್ಲ, ಲಂಚ ಕೇಳಿದ್ದಿಲ್ಲ. ಹಾಗಾಗಿ ನಾನು ಒಳ್ಳೆಯ ಅಧಿಕಾರಿಯೆಂದೇ ನನ್ನ ಭಾವನೆಯಾಗಿತ್ತು.

ಒಂದು ದಿನದಿಂದ ಆಕೆ ಬರುವುದು ನಿಂತಿತು. ನಾನದನ್ನು ಗಮನಿಸಲೂ ಇಲ್ಲ. ವರ್ಗಾವಣೆಯ ಸಮಯದಲ್ಲಿ ಬಾಕಿ ಕಡತಗಳನ್ನು ವಿಲೇವಾರಿ ಮಾಡುವಾಗ ಇದು ಮತ್ತೆ ಕೈಗೆ ಬಂತು. ಗ್ರಾಮ ಲೆಕ್ಕಿಗರನ್ನು ವಿಚಾರಿಸಿದೆ. ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಹೋಗಿದ್ದಾಳೆ, ಎಲ್ಲಿಗೆಂದು ಯಾರಿಗೂ ತಿಳಿಯದು ಎಂದರು. ವಿಷಯ ನಿರ್ವಾಹಕರು ಟಿಪ್ಪಣಿ ಸಿದ್ಧಪಡಿಸಿದ್ದರು: ‘ಅರ್ಜಿದಾರರು ಆಸಕ್ತಿ ತೋರದ ಕಾರಣ ಕಡತವನ್ನು ಮುಕ್ತಾಯಗೊಳಿಸಬಹುದಾಗಿದೆ.’ ನಾನು ಸಹಿ ಮಾಡಿದೆ.

ಆಸಕ್ತಿ ತೋರದ ಕಾರಣ! ಎಷ್ಟು ಮೈಲಿ ನಡೆದು ಎಷ್ಟು ಸಲ ಬಂದಿದ್ದಳೋ, ಆ ಲೆಕ್ಕ ಕಡತದಲ್ಲಿರಲಿಲ್ಲ. ಮುಂದೆ ಹಲವು ಬಾರಿ ಲೆಕ್ಕಪರಿಶೋಧನೆ ಎದುರಿಸಿದೆ. ಅನರ್ಹರಿಗೆ ಕೊಟ್ಟಿದ್ದೇನೆಂದು ಎರಡು ಸಲ ವಿವರಣೆ ಕೇಳಿದ್ದಾರೆ. ಅರ್ಹರಿಗೆ ಕೊಡಲಿಲ್ಲವೇಕೆಂದು ನನ್ನ ಇಡೀ ಸೇವಾವಧಿಯಲ್ಲಿ ಒಬ್ಬರೂ ಕೇಳಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಓದಿದ ಒಂದು ವಾದವನ್ನು ನಾನು ಸೇವೆಯ ಉದ್ದಕ್ಕೂ ಸಮಾಧಾನಕ್ಕೆಂದು ಬಳಸಿಕೊಂಡಿದ್ದೆ. ಕೆನೆತ್ ಆರೋ ಮತ್ತು ಆಂಥನಿ ಫಿಶರ್ 1974ರ ಲೇಖನವೊಂದರಲ್ಲಿ, ಹಿಂತೆಗೆದುಕೊಳ್ಳಲಾಗದ ಹೆಜ್ಜೆಯನ್ನು ಇಡುವ ಮುನ್ನ ಕಾಯುವುದಕ್ಕೂ ಒಂದು ಮೌಲ್ಯವಿದೆ ಎಂದು ತೋರಿಸಿದರು. ಕಾಲ ಕಳೆದಂತೆ ತಿಳಿವಳಿಕೆ ಹೆಚ್ಚುತ್ತದೆ, ಆಗ ಉತ್ತಮ ತೀರ್ಮಾನ ಸಾಧ್ಯ. ಅವರು ಬರೆದದ್ದು ಪ್ರಕೃತಿ ಸಂರಕ್ಷಣೆಯ ಬಗ್ಗೆ. ಒಮ್ಮೆ ಕಾಡು ಕಡಿದರೆ ಮುಗಿಯಿತು, ಆದ್ದರಿಂದ ನಿಧಾನಿಸು ಎಂಬುದು ಸರಿಯಾದ ಮಾತೇ. ಆದರೆ ಆ ವಾದ ನಿಲ್ಲಬೇಕಾದರೆ ನಾವು ಕಾಯುತ್ತಿರುವಾಗ ಎದುರಿಗಿರುವ ವಸ್ತು ಇದ್ದಂತೆಯೇ ಇರಬೇಕು. ಕಾಡು ಇನ್ನೊಂದು ವರ್ಷ ಕಾದೀತು. ಒಲೆ ಹತ್ತದ ಮನೆ ಕಾಯುವುದಿಲ್ಲ. ಅಲ್ಲಿ ಕಾಯಿಸುವುದೇ ಹಿಂತೆಗೆದುಕೊಳ್ಳಲಾಗದ ಹೆಜ್ಜೆ. ಸಿದ್ಧಾಂತವನ್ನು ನಾನು ತಪ್ಪಾಗಿ ಓದಿದ್ದೆನೆಂದು ತಿಳಿಸಲು ಒಂದು ವಿಡಿಯೊ ಗೇಮ್ ಬರಬೇಕಾಯಿತು.

ಕಲ್ಯಾಣ ಯೋಜನೆಗಳ ವಿಷಯದಲ್ಲಿ ಇದನ್ನು ಹೆಚ್ಚು ನೇರವಾಗಿ ಹೇಳಿದವರು ಜಿಯೊವಾನಿ ಕಾರ್ನಿಯಾ ಮತ್ತು ಫ್ರಾನ್ಸಿಸ್ ಸ್ಟೀವರ್ಟ್. ನೆರವು ಹಂಚುವಾಗ ಎರಡು ಬಗೆಯ ತಪ್ಪುಗಳಾಗುತ್ತವೆ: ಅರ್ಹರು ಬಿಟ್ಟುಹೋಗುವುದು ಒಂದು, ಅನರ್ಹರು ಸೇರಿಕೊಳ್ಳುವುದು ಇನ್ನೊಂದು. ಸರ್ಕಾರಗಳು ಎರಡನೆಯದನ್ನು ತಡೆಯುವ ಉತ್ಸಾಹದಲ್ಲಿ ಮೊದಲನೆಯದನ್ನು ಕಡೆಗಣಿಸುತ್ತವೆ ಎಂದು ಅವರು 1993ರಲ್ಲಿ ಎಚ್ಚರಿಸಿದ್ದರು. ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ, ದೆವ್ವಕ್ಕೆ ಬಾಗಿಲು ತೆರೆದ ನೌಕರನಿಗೆ ಇಲಾಖಾ ವಿಚಾರಣೆ ಕಾದಿರುತ್ತದೆ. ಮನುಷ್ಯರಿಗೆ ಬಾಗಿಲು ತೆರೆಯದವನಿಗೆ ಬಡ್ತಿ ತಪ್ಪುವುದಿಲ್ಲ. ಹೀಗಿರುವಾಗ ಬುದ್ಧಿವಂತನಾದ ಗುಮಾಸ್ತ ಏನು ಮಾಡುತ್ತಾನೆ? ಎಲ್ಲ ಬಾಗಿಲುಗಳ ಮೇಲೂ ‘ನಾಳೆ ಬಾ’ ಎಂದು ಬರೆಯುತ್ತಾನೆ. ನಮ್ಮ ಮಾವನವರು ಹೇಳಿದಂತೆ ಬರೆಯುವುದಕ್ಕೆ ಅವನಿಗೇನೂ ಖರ್ಚಿಲ್ಲ. ಖರ್ಚೆಲ್ಲ ಹೊರಗೆ ನಿಂತವರದು.

ಆ ‘ನಾಳೆ’ಗೆ ಒಂದು ಬೆಲೆ ಕಟ್ಟುವ ಪ್ರಯತ್ನ ನಮ್ಮ ರಾಜ್ಯದಲ್ಲಿ ಆಗಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯಡಿ ‘ಸಕಾಲ’ ಯೋಜನೆ 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದಾದರೂ ತತ್ತ್ವ ದೊಡ್ಡದು. ತಡಮಾಡುವುದೂ ಒಂದು ತಪ್ಪು, ಅದಕ್ಕೆ ಒಬ್ಬ ಹೊಣೆಗಾರನಿದ್ದಾನೆ ಎಂದು ಶಾಸನವೇ ಒಪ್ಪಿತು. ನಾನೂ ಆ ವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದೇನೆ, ಅದರಿಂದ ಆದ ಪ್ರಯೋಜನವನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಗಡಿಯಾರವೊಂದರಿಂದಲೇ ಕೆಲಸವಾಗದು. ಗಡುವಿನೊಳಗೆ ತಿರಸ್ಕರಿಸಿದ ಅರ್ಜಿಯೂ ಗಡಿಯಾರದ ಲೆಕ್ಕದಲ್ಲಿ ಸಕಾಲಕ್ಕೆ ವಿಲೇವಾರಿಯಾದ ಅರ್ಜಿಯೇ. ‘ದಾಖಲೆ ಅಪೂರ್ಣ’ ಎಂಬ ಎರಡು ಪದಗಳು ಹಳೆಯ ‘ನಾಳೆ ಬಾ’ ಮಾಡುತ್ತಿದ್ದ ಕೆಲಸವನ್ನು ಇನ್ನಷ್ಟು ಚುರುಕಾಗಿ ಮಾಡಬಲ್ಲವು. ಕಿಟಕಿಯ ಬದಲು ಕಂಪ್ಯೂಟರ್ ಪರದೆ ಬಂದಿದೆ. ಬೆರಳಚ್ಚು ಹೊಂದದಿದ್ದರೆ, ಒಂದು ಅಕ್ಷರ ವ್ಯತ್ಯಾಸವಾದರೆ, ಈಗ ‘ನಾಳೆ ಬಾ’ ಎನ್ನಲು ಮನುಷ್ಯನೂ ಬೇಕಿಲ್ಲ. ನನ್ನ ಕಾಲದಲ್ಲಿ ಆಕೆಗೆ ಕನಿಷ್ಠಪಕ್ಷ ‘ಸ್ವಾಮಿ’ ಎನ್ನಲು ಎದುರಿಗೆ ಒಬ್ಬನಿದ್ದ.

ಎಲ್ಲ ಅರ್ಜಿಗಳನ್ನೂ ಕಣ್ಣುಮುಚ್ಚಿ ಮಂಜೂರು ಮಾಡಬೇಕೆಂದು ನನ್ನ ವಾದವಲ್ಲ. ಮರದ ಬಾಗಿಲಿನ ಕೆಳಗೆ ನಿಜವಾಗಿಯೂ ಭೂತಗಳಿರುತ್ತವೆ. ಬದುಕಿರುವ ಗಂಡನನ್ನು ಕಾಗದದಲ್ಲಿ ಕೊಂದು ವೇತನ ಪಡೆದವರನ್ನು ನಾನೇ ಹಿಡಿದಿದ್ದೇನೆ. ನಾನು ಕೇಳುವುದು ಇಷ್ಟೆ: ಎರಡೂ ತಪ್ಪುಗಳನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ. ಲೆಕ್ಕಪರಿಶೋಧಕರು ಮಂಜೂರಾದ ನೂರು ಕಡತಗಳನ್ನು ತೆರೆದು ನೋಡುವಾಗ ತಿರಸ್ಕೃತವಾದ ಹತ್ತನ್ನಾದರೂ ತೆರೆಯಲಿ. ಜಮಾಬಂದಿಯ ಸಮಯದಲ್ಲಿ ಮೇಲಧಿಕಾರಿಗಳು ‘ಯಾರಿಗೆ ಕೊಟ್ಟಿರಿ’ ಎಂದು ಕೇಳಿದ ಉಸಿರಿನಲ್ಲೇ ‘ಯಾರು ಬರುವುದನ್ನು ನಿಲ್ಲಿಸಿದರು’ ಎಂದೂ ಕೇಳಲಿ. ‘ಅರ್ಜಿದಾರರು ಆಸಕ್ತಿ ತೋರದ ಕಾರಣ’ ಎಂಬ ವಾಕ್ಯವನ್ನು ಪಿಂಚಣಿಯ ಕಡತಗಳಲ್ಲಿ ಬಳಸದಂತೆ ಒಂದು ಸುತ್ತೋಲೆ ಹೊರಡಲಿ. ಮುಚ್ಚುವ ಮುನ್ನ ಯಾರಾದರೊಬ್ಬರು ಆ ಮನೆಯ ಬಾಗಿಲವರೆಗೆ ಹೋಗಿ ಬಂದು, ಕಂಡದ್ದನ್ನು ಬರೆಯಲಿ. ಇದಕ್ಕೆ ಹೊಸ ಇಲಾಖೆಯೂ ಬೇಡ, ಹೊಸ ಹಣವೂ ಬೇಡ.

ಮರುದಿನ ಸಂಜೆ ಹುಡುಗ ಸಮಾಧಾನ ಹೇಳಿದ: ‘ಕಥೆ ಒಂದು ಸಲ ಮುಗಿದ ಮೇಲೆ ಹಳೇ ಅಧ್ಯಾಯಕ್ಕೆ ಹೋಗಿ ಮತ್ತೆ ಆಡಬಹುದು ದೊಡ್ಡಪ್ಪ. ಜೆಸಿಕಾನ ಉಳಿಸಿ.’ ಆಡಿದೆ. ಈ ಸಲ ಕವಲು ಬಂದಲ್ಲೆಲ್ಲ ಜಿಗಿದೆ. ಒಂದು ಕಡೆ ಎಡವಿ ಬಿದ್ದೆ ಕೂಡ. ಆದರೂ ಗಣಿ ತಲುಪಿದಾಗ ಅವಳಲ್ಲಿ ಉಸಿರಿತ್ತು. ಹುಡುಗ ಚಪ್ಪಾಳೆ ತಟ್ಟಿದ. ಕಂಪನಿ ನಾಟಕದ ಪ್ರೇಕ್ಷಕನಂತೆ ನಾನೂ ಒಂದು ‘ಒನ್ಸ್‌ಮೋರ್’ ಪಡೆದೆನೆಂದು ಕ್ಷಣಕಾಲ ಸಂತೋಷವಾಯಿತು. ಆಮೇಲೆ ಕಂಟ್ರೋಲರ್ ಅವನ ಕೈಗೆ ಕೊಟ್ಟು ಎದ್ದೆ.

ಆಟ ಮುಗಿದಾಗ ಯಾರು ಉಳಿದರು, ಯಾರು ಅಳಿದರು ಎಂಬ ಪಟ್ಟಿ ತಿಳಿದುಬಿಡುತ್ತದೆ. ನನ್ನ ಕಡತದ ಹೆಂಗಸು ಏನಾದಳೆಂಬುದು ನನಗೆ ಇಂದಿಗೂ ತಿಳಿಯದು. ಬದುಕಿದ್ದರೆ ಆಕೆಗೆ ಈಗ ಅರವತ್ತೈದರ ಆಸುಪಾಸು. ಸಂಧ್ಯಾ ಸುರಕ್ಷಾ ಯೋಜನೆಗೆ ಅರ್ಜಿ ಹಾಕುವ ವಯಸ್ಸು. ಯಾವುದೋ ಊರಿನ ನಾಡಕಚೇರಿಯ ಮುಂದೆ ಕಾಗದ ಹಿಡಿದು ನಿಂತಿರಬಹುದು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇದ್ದೀತು. ಒಳಗೆ ಕುಳಿತಿರುವವರು ದಯವಿಟ್ಟು ಇಂದೇ ನೋಡಿ.